ಮರೆತದ್ದೆಷ್ಟು, ಕಲಿಯದೆ ಉಳಿದದ್ದೆಷ್ಟು: ಬೇಸಿಗೆ ರಜೆಯ ಓದಿನ ಬಗ್ಗೆ ಒಬ್ಬ ತಾಯಿಗೆ ಉತ್ತರ

ಪ್ರಶ್ನೆ: ನಾವು ಕೊಪ್ಪಳ ಜಿಲ್ಲೆಯ ಕಾರಟಗಿ ಸಮೀಪದ ಹಳ್ಳಿಯವರು. ಯಜಮಾನರು ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ನಾನು ಏಳನೆಯ ತರಗತಿಯವರೆಗೆ ಮಾತ್ರ ಓದಿದ್ದೇನೆ. ಮಗಳು ಏಳನೆಯ ತರಗತಿಯನ್ನೂ ಮಗ ನಾಲ್ಕನೆಯ ತರಗತಿಯನ್ನೂ ಈಗ ಮುಗಿಸಿದ್ದಾರೆ. ಇಬ್ಬರದೂ ಊರಿನ ಸರ್ಕಾರಿ ಶಾಲೆ. ಪ್ರತಿ ವರ್ಷ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಮಗ ಎಲ್ಲವನ್ನೂ ಮರೆತಿರುತ್ತಾನೆ. ನಮ್ಮ ಓಣಿಯಲ್ಲಿ ಒಬ್ಬರು ರಜೆಯಲ್ಲೇ ಮುಂದಿನ ತರಗತಿಯ ಪಾಠ ಮಾಡುತ್ತೇವೆಂದು ತಿಂಗಳಿಗೆ ಒಬ್ಬರಿಗೆ 1,000 ರೂಪಾಯಿ ಕೇಳುತ್ತಿದ್ದಾರೆ. ಮೇ ತಿಂಗಳಲ್ಲಿ ಮಕ್ಕಳು ಸಿಂಧನೂರು ಕಡೆಯ ನನ್ನ ತವರಿಗೆ ಹೋಗುತ್ತಾರೆ. ಮಗನನ್ನು ನವೋದಯ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂಡಿಸಬೇಕೆಂಬ ಆಸೆಯೂ ಇದೆ. ಹೆಚ್ಚು ಓದದ ನಾನು ಮನೆಯಲ್ಲಿ ಏನು ಮಾಡಬಲ್ಲೆ? ಟ್ಯೂಷನ್ನಿಗೆ ಕಳಿಸುವುದೇ ಒಳ್ಳೆಯದೇ?

ಉತ್ತರ: ನಿಮ್ಮ ಪತ್ರವನ್ನು ಓದುವಾಗ ನಾನು ತಡೆದು ನಿಂತದ್ದು "ಎಲ್ಲವನ್ನೂ ಮರೆತಿರುತ್ತಾನೆ" ಎಂಬ ಮಾತಿನಲ್ಲಿ. ಈ ಭಾಗದ ಪ್ರಾಥಮಿಕ ಶಾಲೆಗಳಲ್ಲಿ ಬಹಳ ವರ್ಷ ಪಾಠ ಮಾಡಿ, ಆಮೇಲೆ ಶಿಕ್ಷಕರ ತರಬೇತಿಯ ಕೆಲಸದಲ್ಲಿ ತೊಡಗಿದವನಾಗಿ, ಶಾಲೆ ತೆರೆದ ಮೊದಲ ವಾರದಲ್ಲಿ ಈ ಮಾತನ್ನು ತಾಯಂದಿರ ಬಾಯಲ್ಲೂ ಶಿಕ್ಷಕರ ಬಾಯಲ್ಲೂ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಕೂತು ಪರೀಕ್ಷಿಸಿ ನೋಡಿದಾಗ ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿರುವುದು ಕಾಣುತ್ತದೆ. ಒಂದು ವಿಷಯ ಗಟ್ಟಿಯಾಗಿ ಬಂದಿದ್ದು, ಬಳಕೆ ತಪ್ಪಿದ್ದರಿಂದ ಮಸುಕಾಗುವುದು ಒಂದು ಬಗೆ. ಪಕ್ಕದವನ ಪುಸ್ತಕ ನೋಡಿ ಬರೆದೋ, ಗೈಡಿನ ಉತ್ತರ ಬಾಯಿಪಾಠ ಮಾಡಿಯೋ ಮಾರ್ಚ್ ತಿಂಗಳಲ್ಲಿ ಬಂದಂತೆ ಕಾಣಿಸಿದ್ದು, ನಿಜಕ್ಕೂ ಬಂದೇ ಇರಲಿಲ್ಲ ಎಂಬುದು ಜೂನ್‌ನಲ್ಲಿ ಬಯಲಾಗುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ದಿನಕ್ಕೆ ಅರ್ಧ ತಾಸಿನ ರೂಢಿ ಸಾಕು. ಎರಡನೆಯದಕ್ಕೆ ಹಿಂದಿನ ತರಗತಿಗಳಿಗೆ ಇಳಿದು ಹೊಸದಾಗಿ ಕಲಿಸಬೇಕು. ಮುಂದಿನ ತರಗತಿಯ ಪಾಠವನ್ನು ಮುಂಚೆಯೇ ಮಾಡಿಸುವುದರಿಂದ ಈ ಎರಡರಲ್ಲಿ ಯಾವುದೂ ಸರಿಹೋಗುವುದಿಲ್ಲ. ಆದ್ದರಿಂದ ನಿಮ್ಮ ಓಣಿಯ ಟ್ಯೂಷನ್ನಿಗೆ ಸದ್ಯಕ್ಕೆ ಹಣ ಕೊಡಬೇಡಿ ಎಂಬುದು ನನ್ನ ಸಲಹೆ.

ರಜೆಯಲ್ಲಿ ಮರೆವು ಉಂಟಾಗುವುದು ಸುಳ್ಳೇನಲ್ಲ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಕಲಿತದ್ದು ಮೊದಮೊದಲು ಬೇಗ ಬೇಗ ಸೋರಿಹೋಗುತ್ತದೆ, ಆಮೇಲೆ ಸೋರುವ ವೇಗ ತಗ್ಗುತ್ತದೆ; ಮರೆತದ್ದನ್ನು ಮತ್ತೆ ಕಲಿಯಲು ಮೊದಲಿನಷ್ಟು ಹೊತ್ತು ಹಿಡಿಯುವುದಿಲ್ಲ. ಬೇಸಿಗೆ ರಜೆಯ ಪರಿಣಾಮದ ಬಗ್ಗೆ ಅಮೆರಿಕದಲ್ಲಿ ನಡೆದಿದ್ದ ಹಲವು ಅಧ್ಯಯನಗಳನ್ನು 1996ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿನ್ನಡೆ ಕಂಡಿತ್ತು. ಕೂಡುವ-ಕಳೆಯುವ ಲೆಕ್ಕ ಮತ್ತು ಕಾಗುಣಿತದಂಥ, ಕೈರೂಢಿಯಿಂದ ನಿಲ್ಲುವ ವಿಷಯಗಳಲ್ಲಿ ಹಿನ್ನಡೆ ಹೆಚ್ಚಾಗಿತ್ತು. ಈ ಹಿನ್ನಡೆ ಎಷ್ಟು ದೊಡ್ಡದು ಎಂಬುದರ ಬಗ್ಗೆ ಆನಂತರದ ಸಂಶೋಧಕರಲ್ಲಿ ಒಮ್ಮತವಿಲ್ಲ. ನಮ್ಮ ಅನುಭವಕ್ಕೆ ಹತ್ತಿರವಾದದ್ದು ಕೊರೊನಾ ಕಾಲದ್ದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿ 2021ರಲ್ಲಿ ಹೊರತಂದ ವರದಿಯಲ್ಲಿ, ಹಿಂದಿನ ವರ್ಷ ತಮಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನಾದರೂ ಕಳೆದುಕೊಂಡವರು ಶೇ. 92ರಷ್ಟು, ಗಣಿತದ್ದನ್ನು ಕಳೆದುಕೊಂಡವರು ಶೇ. 82ರಷ್ಟು ಇದ್ದರು. ಅದು ವರ್ಷದಷ್ಟು ದೀರ್ಘವಾದ ಬಿಡುವು. ನಮ್ಮ ಬೇಸಿಗೆ ರಜೆ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ, ಸುಮಾರು ಏಳು ವಾರ. ಏಳು ವಾರದಲ್ಲಿ "ಎಲ್ಲವನ್ನೂ" ಮರೆಯುವ ಮಗುವಿಗೆ ಮೊದಲೇ ಏನೋ ಬಾರದೆ ಉಳಿದಿದೆ ಎಂದು ನಾನು ಶಂಕಿಸುತ್ತೇನೆ.

ಹಾಗಾಗಿ ಮೊದಲ ಕೆಲಸ ಪತ್ತೆಹಚ್ಚುವುದು. ಇದಕ್ಕೆ ಒಂದು ಬೆಳಗಿನ ಅರ್ಧ ತಾಸು ಸಾಕು, ನಿಮ್ಮ ಏಳನೆಯ ತರಗತಿಯ ಓದು ಧಾರಾಳವಾಯಿತು. ಮಗನ ಹಿಂದಿನ ವರ್ಷಗಳ ಪುಸ್ತಕಗಳು ಅಟ್ಟದ ಮೇಲೋ ನೆರೆಮನೆಯಲ್ಲೋ ಸಿಕ್ಕಾವು. ಅವನು ಈ ಮೊದಲು ಬಾಯಿಪಾಠ ಮಾಡಿರದ ಒಂದು ಎರಡನೆಯ ತರಗತಿಯ ಮಟ್ಟದ ಕಥೆಯನ್ನು ಕೊಟ್ಟು ಗಟ್ಟಿಯಾಗಿ ಓದಲು ಹೇಳಿ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಾನೆಯೇ, ಪದಗಳನ್ನು ಒಟ್ಟಾಗಿ ಓದುತ್ತಾನೆಯೇ, ವಾಕ್ಯ ಮುಗಿದಲ್ಲಿ ದನಿ ಇಳಿಸುತ್ತಾನೆಯೇ ಎಂಬುದನ್ನು ಗಮನಿಸಿ. ಓದಿದ ಮೇಲೆ ಪುಸ್ತಕ ಮುಚ್ಚಿ, ಕಥೆಯನ್ನು ತನ್ನ ಮಾತಿನಲ್ಲಿ ಹೇಳಲಿ. ಮೂರನೆಯ ತರಗತಿಯ ಕೊನೆಗೆ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕೆಂಬುದು 2021ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್ ಕಾರ್ಯಕ್ರಮದ ಗುರಿ. ಕನ್ನಡದಲ್ಲಿ "ಹೋಗಬೇಕಾಗಿತ್ತಂತೆ" ಎಂಬುದೂ ಒಂದೇ ಪದವಾದ್ದರಿಂದ ಈ ಎಣಿಕೆಯನ್ನು ಗಡಿಯಾರ ಹಿಡಿದು ಪಾಲಿಸುವ ಅಗತ್ಯವಿಲ್ಲ. ತಡವರಿಕೆ ಎಲ್ಲಿ ಎಂಬುದು ಮುಖ್ಯ. ನಾಲ್ಕನೆಯ ತರಗತಿ ಮುಗಿಸಿದ ಬಹಳ ಮಕ್ಕಳು ಕಾಗುಣಿತದವರೆಗೆ ಸರಾಗವಾಗಿ ಬಂದು ಒತ್ತಕ್ಷರದ ಬಳಿ ಎಡವುತ್ತಾರೆ. ಅದರಲ್ಲೂ ಅರ್ಕಾವತ್ತು, ತ-ಕಾರದ ಒತ್ತು, ನ-ಕಾರದ ಒತ್ತುಗಳಲ್ಲಿ ಗೊಂದಲ ಹೆಚ್ಚು.

ಲೆಕ್ಕಕ್ಕೆ ಒಂದೇ ಒಂದು ಪ್ರಶ್ನೆ ಸಾಕಾಗುತ್ತದೆ: 402ರಲ್ಲಿ 167 ಕಳೆದರೆ ಎಷ್ಟು? ಉತ್ತರ 235. ಮಗ 365 ಎಂದು ಬರೆದರೆ ಅವನು ಅಜಾಗರೂಕನೆಂದು ಬೈಯಬೇಡಿ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಲ್ಲಿ ಚಿಕ್ಕದನ್ನು ಕಳೆಯುತ್ತಿದ್ದಾನೆ, ಅಂದರೆ ದಶಕವನ್ನು ಬಿಡಿಸಿ ಬಿಡಿಗೆ ತರುವುದೆಂದರೆ ಏನೆಂಬುದು ಅವನಿಗೆ ತಿಳಿದೇ ಇಲ್ಲ ಎಂದರ್ಥ. ಇದು ಮರೆವಿನ ತಪ್ಪಲ್ಲ, ಕಲಿಯದೆ ಉಳಿದದ್ದರ ಗುರುತು. ಇಂಥ ಮಗುವಿಗೆ ಇನ್ನೂ ಐವತ್ತು ಲೆಕ್ಕ ಕೊಟ್ಟರೆ ಐವತ್ತನ್ನೂ ಅದೇ ತಪ್ಪಿನಲ್ಲಿ ಮಾಡಿ ಆ ತಪ್ಪನ್ನೇ ಗಟ್ಟಿ ಮಾಡಿಕೊಳ್ಳುತ್ತದೆ. ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ನೂರರ, ಹತ್ತರ, ಒಂದರ ಚೀಟಿಗಳನ್ನು ಮಾಡಿ. 402 ರೂಪಾಯಿ ಎಂದರೆ ನಾಲ್ಕು ನೂರರ ನೋಟು, ಎರಡು ಒಂದರ ನಾಣ್ಯ. ಕಿರಾಣಿ ಅಂಗಡಿಯವರಿಗೆ 167 ಕೊಡಬೇಕು, ಕೈಯಲ್ಲಿ ಚಿಲ್ಲರೆ ಇಲ್ಲ. ಒಂದು ನೂರನ್ನು ಮುರಿಸಿದರೆ ಹತ್ತರ ಹತ್ತು ನೋಟು. ಅದರಲ್ಲಿ ಒಂದು ಹತ್ತನ್ನು ಮತ್ತೆ ಮುರಿಸಿದರೆ ಹತ್ತು ಬಿಡಿ. ಈಗ ಕೈಯಲ್ಲಿ ಮೂರು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ. ಒಂದು ನೂರು, ಆರು ಹತ್ತು, ಏಳು ಬಿಡಿ ಕೊಟ್ಟುಬಿಟ್ಟರೆ ಉಳಿದದ್ದು ಕಣ್ಣೆದುರಿಗೇ ಇರುತ್ತದೆ. "ಎರವಲು" ಎಂಬ ಪುಸ್ತಕದ ಮಾತಿಗಿಂತ "ಚಿಲ್ಲರೆ ಮುರಿಸುವುದು" ಎಂಬ ಸಂತೆಯ ಮಾತು ಮಗುವಿಗೆ ಬೇಗ ತಿಳಿಯುತ್ತದೆ. ಪುಸ್ತಕದ ಮಾತಿಗೆ ಆಮೇಲೆ ಹೋದರಾಯಿತು. ನಾಲ್ಕೈದು ದಿನ ಚೀಟಿಗಳಲ್ಲಿ ಆಡಿದ ಮೇಲೆ, ಮಾಡಿದ್ದನ್ನೇ ಪಾಟಿಯ ಮೇಲೆ ಬರೆಯಲು ಹೇಳಿ.

ಮಗ್ಗಿಯ ವಿಷಯದಲ್ಲೂ ಹೀಗೆಯೇ ಪರೀಕ್ಷಿಸಬೇಕು. ಮೊದಲಿನಿಂದ ರಾಗವಾಗಿ ಹೇಳಿದರೆ ಏಳರ ಮಗ್ಗಿ ತಪ್ಪದ ಹುಡುಗ, ನಡುವೆ "ಏಳೆಂಟ್ಲ ಎಷ್ಟು?" ಎಂದು ಕೇಳಿದರೆ ಮತ್ತೆ ಮೊದಲಿನಿಂದ ಹೇಳಿಕೊಂಡು ಬರುತ್ತಾನೆ. ಅವನಿಗೆ ಬರುವುದು ಹಾಡು, ಲೆಕ್ಕವಿನ್ನೂ ಬಂದಿಲ್ಲ. ಏಳೇಳ್ಲ ನಲವತ್ತೊಂಬತ್ತು ಗೊತ್ತಿದ್ದರೆ ಇನ್ನೊಂದು ಏಳು ಕೂಡಿಸಿ ಐವತ್ತಾರಕ್ಕೆ ಹೋಗುವ ದಾರಿಯನ್ನು ತೋರಿಸಿ. ನೀವು ರೊಟ್ಟಿ ಬಡಿಯುತ್ತಾ ದಿನಕ್ಕೆ ಐದಾರು ಪ್ರಶ್ನೆಗಳನ್ನು ಅಡ್ಡಾದಿಡ್ಡಿಯಾಗಿ ಕೇಳಿದರೆ ಸಾಕು. ಅದಕ್ಕೆ ಬೇರೆ ಹೊತ್ತು ಮೀಸಲಿಡಬೇಕಾಗಿಲ್ಲ.

ಹೊತ್ತಿನ ಮಾತು ಬಂದದ್ದರಿಂದ ಹೇಳುತ್ತೇನೆ. ರಾಯಚೂರು, ಕೊಪ್ಪಳ, ಬಳ್ಳಾರಿಗಳಲ್ಲಿ ಏಪ್ರಿಲ್-ಮೇ ಎಂದರೆ ಬಿಸಿಲು 40 ಡಿಗ್ರಿ ದಾಟುವ ಕಾಲ. ತಗಡಿನ ಮನೆಯಲ್ಲಿ ಮಧ್ಯಾಹ್ನ ಮಗುವನ್ನು ಪುಸ್ತಕದ ಮುಂದೆ ಕೂರಿಸಿದರೆ ಆಗುವುದು ಜಗಳ ಮಾತ್ರ. ಬೆಳಿಗ್ಗೆ ಏಳರೊಳಗೆ ಎದ್ದು ಎಂಟರ ಹೊತ್ತಿಗೆ ಅರ್ಧ ತಾಸಿನ ಓದು-ಲೆಕ್ಕ ಮುಗಿದರೆ ಆ ದಿನದ ಬಾಬತ್ತು ಮುಗಿಯಿತು. ವಾರಕ್ಕೆ ಐದು ದಿನ ಸಾಕು. ಒಂದೇ ದಿನ ಎರಡೂವರೆ ತಾಸು ಕೂರುವುದಕ್ಕಿಂತ ಐದು ದಿನ ಅರ್ಧರ್ಧ ತಾಸು ಕೂತರೆ ನೆನಪು ಹೆಚ್ಚು ಕಾಲ ನಿಲ್ಲುತ್ತದೆಂಬುದು ಸ್ಮೃತಿಯ ಅಧ್ಯಯನದಲ್ಲಿ ಮತ್ತೆ ಮತ್ತೆ ಖಚಿತವಾದ ಸಂಗತಿ. ರಜೆಯ ಮೊದಲ ವಾರ ಏನನ್ನೂ ಮಾಡಿಸಬೇಡಿ, ಮಕ್ಕಳು ದಣಿದಿರುತ್ತಾರೆ. ಮಧ್ಯಾಹ್ನ ಮನೆಯೊಳಗೆ ಚೌಕಾಬಾರ ಆಡಲಿ. ನಾಲ್ಕು ಕವಡೆ ಎಸೆದು, ಬಿದ್ದದ್ದನ್ನು ಎಣಿಸಿ, ಯಾವ ಕಾಯಿ ನಡೆಸಿದರೆ ಎದುರಾಳಿಯ ಕಾಯಿ ಹೊಡೆಯಬಹುದೆಂದು ಮುಂದಾಲೋಚಿಸುವ ಆಟದಲ್ಲಿ ಗಣಿತವಿಲ್ಲ ಎನ್ನುವವರು ಅದನ್ನು ಆಡಿಲ್ಲ. ನಿಮ್ಮ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಹತ್ತಿರವಿರುವುದರಿಂದ ಒಂದು ಎಚ್ಚರಿಕೆ ಅಗತ್ಯ: ನೀರು ಹರಿಯುವ ದಿನಗಳಲ್ಲಿ ದೊಡ್ಡವರಿಲ್ಲದೆ ಮಕ್ಕಳನ್ನು ಈಜಲು ಬಿಡಬೇಡಿ.

ಓದಿಸುವುದು ಹೇಗೆ ಎಂಬುದನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಮನೆಯಲ್ಲಿ ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ. ಬಹುತೇಕ ಮನೆಗಳಲ್ಲಿ ರಜೆಯ ಓದು ಎಂದರೆ ಪಾಠಗಳನ್ನು ನೋಡಿ ಬರೆಯಿಸುವುದು. ನಾನೂ ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ಹುರುಪಿನಲ್ಲಿ, ರಜೆಯಲ್ಲಿ ಪ್ರತಿ ಪಾಠವನ್ನೂ ಎರಡು ಸಲ ಬರೆದು ತರಬೇಕೆಂದು ಆಜ್ಞೆ ಮಾಡಿದ್ದೆ. ಶಾಲೆ ತೆರೆದ ದಿನ ನೋಟುಪುಸ್ತಕಗಳ ರಾಶಿಯೇ ಬಂತು. ಅವುಗಳಲ್ಲಿ ಎಲ್ಲಕ್ಕಿಂತ ಮುದ್ದಾದ ಅಕ್ಷರಗಳಿದ್ದ ಪುಸ್ತಕ, ತನ್ನ ಹೆಸರನ್ನೇ ಸರಿಯಾಗಿ ಓದಲು ಬಾರದ ಹುಡುಗನದು. ಅವನ ಅಕ್ಕ ಎರಡು ರಾತ್ರಿ ಕೂತು ಬರೆದುಕೊಟ್ಟಿದ್ದಳು. ಅಂದಿನಿಂದ ರಜೆಯಲ್ಲಿ ನಕಲು ಬರೆಯಿಸುವುದನ್ನು ನಾನು ಬಿಟ್ಟೆ. ನೋಡಿ ಬರೆಯುವಾಗ ಕೈ ದುಡಿಯುತ್ತದೆ, ತಲೆ ಬೇರೆಲ್ಲೋ ಇರುತ್ತದೆ.

ಗಟ್ಟಿಯಾಗಿ ಓದುವುದು, ಕೇಳುವವರೊಬ್ಬರು ಎದುರಿಗಿರುವುದು, ಓದಿದ್ದನ್ನು ಮರಳಿ ಹೇಳುವುದು: ಇವು ಮೂರೂ ಸೇರಿದರೆ ಹದಿನೈದು ನಿಮಿಷದಲ್ಲಿ ನಕಲು ಬರಹದ ಎರಡು ತಾಸಿಗಿಂತ ಹೆಚ್ಚು ಕೆಲಸವಾಗುತ್ತದೆ. ಇದಕ್ಕೆ ಕೇಳುವವರು ಓದಿದವರೇ ಆಗಿರಬೇಕೆಂದಿಲ್ಲ. ಮೇ ತಿಂಗಳಲ್ಲಿ ಮಕ್ಕಳು ನಿಮ್ಮ ತವರಿಗೆ ಹೋದಾಗ ಅಲ್ಲಿ ಅವರ ಅಜ್ಜಿ ಇರುತ್ತಾರೆ. ಅಕ್ಷರ ಗೊತ್ತಿಲ್ಲದ ಅಜ್ಜಿ "ಮುಂದೇನಾತು? ಅಂವ ಯಾಕ ಹಂಗ ಮಾಡಿದ?" ಎಂದು ಕೇಳಿದರೆ, ಮೊಮ್ಮಗ ಉತ್ತರಕ್ಕಾಗಿ ಮತ್ತೆ ಪುಸ್ತಕದ ಪುಟ ತಿರುವುತ್ತಾನೆ. ಓದುವುದೆಂದರೆ ಅರ್ಥ ತೆಗೆಯುವುದು ಎಂಬುದನ್ನು ಯಾವ ತರಬೇತಿಯೂ ಇಲ್ಲದೆ ಅವರು ಕಲಿಸಿದಂತಾಯಿತು. ಆಮೇಲೆ ಅಜ್ಜಿಯ ಪಾಳಿ. ಅವರು ಒಂದು ಕಥೆಯನ್ನೋ ಒಂದು ಒಗಟನ್ನೋ ಹೇಳಲಿ, ಅದನ್ನು ಮಗ ತನ್ನ ಪುಸ್ತಕದಲ್ಲಿ ಬರೆದುಕೊಳ್ಳಲಿ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಎಂಬ ಒಗಟನ್ನು ಬರೆದು, ಕೆಳಗೆ ಮಲ್ಲಿಗೆಯ ಚಿತ್ರ ತೆಗೆದರೆ ಆ ದಿನದ ಬರವಣಿಗೆ ಆಯಿತು. ತಿಂಗಳಿಗೆ ಇಪ್ಪತ್ತು ಒಗಟುಗಳಾದರೆ ಅದು ಅವನದೇ ಪುಸ್ತಕ. ಊರಿಗೆ ಹೋಗುವಾಗ ಚೀಲದ ತುಂಬ ಪಠ್ಯಪುಸ್ತಕ ತುಂಬಬೇಡಿ. ಎರಡು ಕಥೆಪುಸ್ತಕ, ಒಂದು ನೋಟುಪುಸ್ತಕ, ಎರಡು ಪೆನ್ಸಿಲು ಸಾಕು. ಎರಡು ದಿನಕ್ಕೊಮ್ಮೆ ನೀವು ಫೋನ್ ಮಾಡಿದಾಗ ಅರ್ಧ ಪುಟ ಓದಿ ಕೇಳಿಸಲಿ.

ಬರೆಯುವಾಗ ನಮ್ಮ ಭಾಗದ ಮಕ್ಕಳಿಗೆ ಎದುರಾಗುವ ತೊಡಕೊಂದಿದೆ. ಮನೆಯಲ್ಲಿ ಮಗು "ಮನಿ", "ಸಾಲಿ", "ಬ್ಯಾಸಿಗಿ", "ಬ್ಯಾಡ" ಎನ್ನುತ್ತದೆ. ಪುಸ್ತಕದಲ್ಲಿ ಅವೇ "ಮನೆ", "ಶಾಲೆ", "ಬೇಸಿಗೆ", "ಬೇಡ". ತಾನು ಆಡಿದಂತೆ ಬರೆದ ಮಗುವಿನ ಪುಸ್ತಕದ ತುಂಬ ಕೆಂಪು ಗೆರೆ ಬಿದ್ದರೆ, ಬರೆಯುವುದನ್ನೇ ಅದು ಕಡಿಮೆ ಮಾಡುತ್ತದೆ. ಮನೆಯ ಮಾತನ್ನು ತಿದ್ದಲು ಹೋಗಬೇಡಿ, ಅದರಲ್ಲಿ ತಪ್ಪೇನೂ ಇಲ್ಲ. ಮೊದಲು ತನಗೆ ಬಂದಂತೆ ಬರೆಯಲಿ. ಮರುದಿನ ಅದೇ ಪುಟದ ಬಲಗಡೆ, ಪುಸ್ತಕದಲ್ಲಿ ಈ ಮಾತು ಹೇಗಿರುತ್ತದೆಂದು ಹುಡುಕಿ ಬರೆಯಲಿ. "ಮನಿ–ಮನೆ" ಎಂದು ಎರಡು ಸಾಲು ಎದುರುಬದುರು ಬಂದಾಗ, ನಾವು ಇ-ಕಾರದಲ್ಲಿ ಮುಗಿಸುವ ಬಹಳಷ್ಟು ಪದಗಳನ್ನು ಪುಸ್ತಕ ಎ-ಕಾರದಲ್ಲಿ ಮುಗಿಸುತ್ತದೆಂಬ ನಿಯಮವನ್ನು ಮಗುವೇ ಕಂಡುಹಿಡಿಯುತ್ತದೆ. ರಾಯಚೂರು ಕಡೆ ಮನೆಯಲ್ಲಿ ತೆಲುಗು, ಉರ್ದು ಅಥವಾ ಲಂಬಾಣಿ ಆಡುವ ಮಕ್ಕಳಿಗೂ ಈ ಎದುರುಬದುರು ಪುಟದ ಕ್ರಮ ಚೆನ್ನಾಗಿ ಒಗ್ಗುತ್ತದೆ.

ಪುಸ್ತಕಗಳಿಗೆ ಹಣ ಖರ್ಚು ಮಾಡಬೇಕಾಗಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ. 2020ರಲ್ಲಿ ಆರಂಭವಾದ ಓದುವ ಬೆಳಕು ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ವಿಂಗಡಿಸಿ ಇವೆ, ಅವೂ ಉಚಿತ. ಮಗ ಒತ್ತಕ್ಷರದಲ್ಲಿ ಎಡವುತ್ತಿದ್ದರೆ ನಾಲ್ಕನೆಯ ಹಂತಕ್ಕೆ ಏರಿಸಬೇಡಿ, ಎರಡನೆಯದರಿಂದಲೇ ತೊಡಗಲಿ. ಸುಲಭವಾದದ್ದನ್ನು ಸರಾಗವಾಗಿ ಓದುವ ಸುಖ ಅವನಿಗೆ ಇನ್ನೂ ಸಿಕ್ಕಿಲ್ಲದಿರಬಹುದು. ಫೋನನ್ನು ನಾನು ಇಷ್ಟಕ್ಕೆ, ಮತ್ತು ಇನ್ನೊಂದಕ್ಕೆ ಮಾತ್ರ ಒಪ್ಪುತ್ತೇನೆ: ಅವನು ಓದುವುದನ್ನು ರೆಕಾರ್ಡ್ ಮಾಡಿ ಅವನಿಗೇ ಕೇಳಿಸಿ. ಎಲ್ಲಿ ತಡವರಿಸಿದೆನೆಂದು ತಾನೇ ನಕ್ಕು ಮತ್ತೊಮ್ಮೆ ಓದುತ್ತಾನೆ. ಪಾಠದ ವಿಡಿಯೊ ಎಂದು ಕೊಟ್ಟ ಫೋನು ಹತ್ತು ನಿಮಿಷದಲ್ಲಿ ರೀಲ್ಸ್‌ಗೆ ತಿರುಗುವುದನ್ನು ನೀವೂ ಬಲ್ಲಿರಿ.

ಇನ್ನು ಮಗಳ ವಿಷಯ. ನಿಮ್ಮ ಪತ್ರದಲ್ಲಿ ಅವಳ ಹೆಸರೆತ್ತಿದ್ದು ಒಂದೇ ಸಲ. ಚಿಂತೆಯೆಲ್ಲ ಮಗನ ಮೇಲಿದೆ. ತಪ್ಪು ತಿಳಿಯಬೇಡಿ, ನನಗೆ ಬರುವ ಹತ್ತು ಪತ್ರಗಳಲ್ಲಿ ಎಂಟು ಹೀಗೆಯೇ ಇರುತ್ತವೆ. ಎಂಟನೆಯ ತರಗತಿಗೆ ಅವಳು ಬಹುಶಃ ಬೇರೆ ಊರಿನ ಪ್ರೌಢಶಾಲೆಗೆ ಹೋಗುತ್ತಾಳೆ. ಅಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, ಬೀಜಗಣಿತ, ದಪ್ಪನೆಯ ವಿಜ್ಞಾನದ ಪುಸ್ತಕ. ಈ ಏಳು ವಾರ ಅವಳಿಗೆ ತಮ್ಮನಿಗಿಂತ ಹೆಚ್ಚು ಬೇಕಾಗಿದೆ. ಆದರೆ ರಜೆ ಬಂದೊಡನೆ ನೀರು ತರುವುದು, ಪಾತ್ರೆ ತೊಳೆಯುವುದು, ತಮ್ಮನನ್ನು ನೋಡಿಕೊಳ್ಳುವುದು ಅವಳ ಪಾಲಿಗೆ ಬೀಳುತ್ತದೆ. ಮನೆಗೆಲಸ ಮಾಡಬಾರದೆಂದಲ್ಲ, ಇಬ್ಬರೂ ಹಂಚಿಕೊಳ್ಳಲಿ. ತಮ್ಮನಿಗೆ ಅವಳೇ ಪಾಠ ಹೇಳಲಿ ಎಂದು ನಿಮಗೆ ಅನಿಸಿರಬಹುದು. ಹದಿನೈದು ನಿಮಿಷದ ಮಟ್ಟಿಗೆ ಅದು ಇಬ್ಬರಿಗೂ ಒಳ್ಳೆಯದು, ಹೇಳಿಕೊಡುವವರಿಗೆ ವಿಷಯ ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೂ ಮೀರಿದರೆ ಅವಳ ಓದಿನ ಹೊತ್ತು ಅವನಿಗೆ ಹೋದಂತಾಗುತ್ತದೆ.

ಮಗಳ ಗಣಿತಕ್ಕೆ ಒಳ್ಳೆಯ ಶಿಕ್ಷಕರು ನಿಮ್ಮ ಮನೆಯಲ್ಲೇ ಇದ್ದಾರೆ. ಅವರು ನಿಮ್ಮ ಯಜಮಾನರು. ಏಳನೆಯ ತರಗತಿಯಿಂದ ಎಂಟಕ್ಕೆ ಹೋಗುವ ಮಕ್ಕಳು ಮುಖ್ಯವಾಗಿ ಸೋಲುವುದು ಭಿನ್ನರಾಶಿ, ಅನುಪಾತ, ಶೇಕಡಾಗಳಲ್ಲಿ. ರೈಸ್ ಮಿಲ್ಲಿನಲ್ಲಿ ನಡೆಯುವುದೆಲ್ಲ ಇವುಗಳದೇ ವ್ಯವಹಾರ. ನಿಮ್ಮ ಕಡೆ ಭತ್ತದ ದರ ಹೇಳುವುದು 75 ಕಿಲೋ ಚೀಲಕ್ಕೆ, ಸರ್ಕಾರದ ಬೆಂಬಲ ಬೆಲೆ ಹೇಳುವುದು ಕ್ವಿಂಟಲ್‌ಗೆ. ಚೀಲಕ್ಕೆ 1,650 ರೂಪಾಯಿ ಎಂದರೆ ಕ್ವಿಂಟಲ್‌ಗೆ ಎಷ್ಟಾಯಿತು? ಕಿಲೋಗೆ 22 ರೂಪಾಯಿ, ಕ್ವಿಂಟಲ್‌ಗೆ 2,200. ಸರ್ಕಾರ ಗಿರಣಿಗಳಿಗೆ ಭತ್ತ ಕೊಟ್ಟು ಅಕ್ಕಿ ಪಡೆಯುವಾಗ ಕುದಿಸದ ಅಕ್ಕಿಗೆ ಹಿಡಿಯುವ ಲೆಕ್ಕ ನೂರಕ್ಕೆ 67. ಹಾಗಿದ್ದರೆ ಒಂದು ಚೀಲ ಭತ್ತಕ್ಕೆ ಎಷ್ಟು ಅಕ್ಕಿ? 75ರಲ್ಲಿ ಶೇ. 67 ಎಂದರೆ 50 ಕಿಲೋ 250 ಗ್ರಾಂ. ಉಳಿದದ್ದು ಹೊಟ್ಟು ಎಷ್ಟು, ತೌಡು ಎಷ್ಟು ಎಂದು ಅಪ್ಪನನ್ನೇ ಕೇಳಲಿ. ರಾತ್ರಿ ಊಟದ ಹೊತ್ತಿಗೆ ಇಂಥ ಒಂದು ಪ್ರಶ್ನೆ ಅವರು ಕೇಳಿದರೆ ಸಾಕು. ದಿನವಿಡೀ ಚೀಲ ಹೊತ್ತು ಬಂದ ಅಪ್ಪನಿಗೂ ತನಗೆ ಗೊತ್ತಿರುವುದು ಮಗಳ ಓದಿಗೆ ಆಗುತ್ತದೆ ಎಂಬ ಅರಿವು ಒಂದು ಬಗೆಯ ಹಿಗ್ಗು. ವಿಸ್ತೀರ್ಣದ ಪಾಠಕ್ಕೆ ಒಂದು ಹಗ್ಗ ಸಾಕು: 33 ಅಡಿ ಉದ್ದ, 33 ಅಡಿ ಅಗಲ ಅಳೆದು ನಾಲ್ಕು ಮೂಲೆಗೆ ಕಲ್ಲಿಟ್ಟರೆ ಒಂದು ಗುಂಟೆ, ಅಂಥ ನಲವತ್ತು ಸೇರಿದರೆ ಒಂದು ಎಕರೆ. ಅಕ್ಕ-ತಮ್ಮ ಇಬ್ಬರೂ ಕೂಡಿ ಸಂಜೆ ತಂಪಿನಲ್ಲಿ ಅಳೆಯಲಿ.

ನಕ್ಷೆ ಓದುವ, ಗ್ರಾಫ್ ಬರೆಯುವ ರೂಢಿಗೆ ತುಂಗಭದ್ರಾ ಜಲಾಶಯಕ್ಕಿಂತ ಹತ್ತಿರದ ವಿಷಯ ನಿಮ್ಮಲ್ಲಿ ಇನ್ನೊಂದಿಲ್ಲ. ಭತ್ತ ಬೆಳೆಯುವ ಊರುಗಳಲ್ಲಿ ಡ್ಯಾಮಿನ ನೀರಿನ ಮಟ್ಟ ಎಷ್ಟಾಯಿತೆಂದು ವಿಚಾರಿಸದ ರೈತನಿಲ್ಲ. ಗರಿಷ್ಠ ಮಟ್ಟ 1,633 ಅಡಿ; ಪತ್ರಿಕೆಯಲ್ಲಿ ಬರುವ ಅಂದಿನ ಮಟ್ಟವನ್ನು ಮಗಳು ವಾರಕ್ಕೆರಡು ಸಲ ಬರೆದಿಟ್ಟು, ತುಂಬಲು ಇನ್ನೆಷ್ಟು ಅಡಿ ಬೇಕೆಂದು ಮಗ ಕಳೆದು ಹೇಳಲಿ. ಮೇ ತಿಂಗಳಲ್ಲಿ ಕೆಳಗಿಳಿದ ಗೆರೆ ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ಏರತೊಡಗುತ್ತದೆ. ಇಲ್ಲಿ ಹನಿ ಬೀಳದಿದ್ದರೂ ಡ್ಯಾಮು ತುಂಬುವುದೇಕೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ, ಅದರ ಉತ್ತರ ಭೂಗೋಳದ ಪಾಠ. ಸಿಂಧನೂರಿಗೆ ಹೋದವರು ಒಂದು ದಿನ ಮಸ್ಕಿಗೂ ಹೋಗಿ ಬರಬಹುದು. ಅಶೋಕನ ಹೆಸರನ್ನೇ ಹೊತ್ತ ಶಿಲಾಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಅಲ್ಲಿ. "ದೇವಾನಾಂಪ್ರಿಯ" ಎಂದು ಮಾತ್ರ ಕರೆಸಿಕೊಳ್ಳುತ್ತಿದ್ದ ಆ ಅರಸ ಅಶೋಕನೇ ಎಂಬುದು ಖಚಿತವಾಗಲು ಈ ಶಾಸನ ಆಧಾರವಾಯಿತು. ಬ್ರಾಹ್ಮಿ ಲಿಪಿಯ ನಾಲ್ಕು ಅಕ್ಷರಗಳನ್ನು ಮಗ ನೋಡಿ ಬಿಡಿಸಿಕೊಂಡು ಬರಲಿ. ಹೋಗಲು ಆಗದಿದ್ದರೆ ಚಿಂತಿಸಬೇಡಿ, ಕೊಪ್ಪಳದ ಗವಿಮಠದ ಗುಡ್ಡದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ.

ನವೋದಯದ ಬಗ್ಗೆ ಕೇಳಿದ್ದೀರಿ. ಐದನೆಯ ತರಗತಿಯಲ್ಲಿ ಓದುತ್ತಿರುವ ಮಕ್ಕಳು, ತಾವು ಓದುವ ಜಿಲ್ಲೆಯ ನವೋದಯಕ್ಕೆ, ಒಂದೇ ಸಲ ಬರೆಯಬಹುದಾದ ಪರೀಕ್ಷೆ ಇದು. ಕೊಪ್ಪಳ ಜಿಲ್ಲೆಯ ನವೋದಯ ಇರುವುದು ಕುಕನೂರಿನಲ್ಲಿ. ಎರಡು ತಾಸಿನಲ್ಲಿ 80 ಪ್ರಶ್ನೆ, 100 ಅಂಕ: ಮಾನಸಿಕ ಸಾಮರ್ಥ್ಯದ 40 ಪ್ರಶ್ನೆಗೆ 50 ಅಂಕ, ಗಣಿತದ 20 ಪ್ರಶ್ನೆಗೆ 25, ಭಾಷೆಯ 20 ಪ್ರಶ್ನೆಗೆ 25. ಕನಿಷ್ಠ ಶೇ. 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗಿದೆ. ಇದರಲ್ಲಿ ನೀವು ಗಮನಿಸಬೇಕಾದದ್ದೆಂದರೆ, ಭಾಷೆಯ ಭಾಗದಲ್ಲಿ ಮಗು ಹಿಂದೆಂದೂ ನೋಡಿರದ ಗದ್ಯಭಾಗಗಳನ್ನು ಓದಿ ಉತ್ತರಿಸಬೇಕು, ಗಣಿತದ ಭಾಗಕ್ಕೆ ನಾಲ್ಕು ಮೂಲಕ್ರಿಯೆಗಳು ಗಟ್ಟಿಯಿರಬೇಕು. ಒತ್ತಕ್ಷರ ಓದಲು ಬಾರದ, 402ರಲ್ಲಿ 167 ಕಳೆಯಲಾಗದ ಹುಡುಗನನ್ನು ಈಗಲೇ ಕೋಚಿಂಗಿಗೆ ಹಾಕಿದರೆ, ಅಲ್ಲಿ ಕೊಡುವ ಮಾದರಿ ಪ್ರಶ್ನೆಪತ್ರಿಕೆಗಳ ಮುಂದೆ ಅವನು ಪ್ರತಿದಿನ ಸೋಲುತ್ತಾನೆ. ಈ ಬೇಸಿಗೆ ಓದು-ಲೆಕ್ಕ ಹದಕ್ಕೆ ಬರಲಿ. ಆಕೃತಿಗಳನ್ನು ಹೋಲಿಸುವ ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳ ರೂಢಿಯನ್ನು ಶಾಲೆ ತೆರೆದ ಮೇಲೆ, ದಸರೆಯೊಳಗೆ ಮಾಡಿಸಬಹುದು.

ಟ್ಯೂಷನ್ ಬೇಡವೇ ಬೇಡ ಎಂದು ನಾನು ಹಟ ಹಿಡಿಯುವುದಿಲ್ಲ. ನೀವು ಪರೀಕ್ಷಿಸಿದಾಗ ಮಗನಿಗೆ ಕಾಗುಣಿತವೇ ಬಾರದೆಂದು ತಿಳಿದರೆ, ಎರಡು ವಾರ ಮನೆಯಲ್ಲಿ ಪ್ರಯತ್ನಿಸಿಯೂ ಮುಂದುವರಿಯದಿದ್ದರೆ, ಆಗ ಯಾರಾದರೂ ತಿಳಿದವರ ಸಹಾಯ ಬೇಕು. ಆದರೆ ಕಳಿಸುವ ಮುನ್ನ ಅವರನ್ನು "ಐದನೆಯ ತರಗತಿಯ ಪಾಠ ಬೇಡ, ಓದಲು ಕಲಿಸುತ್ತೀರಾ?" ಎಂದು ಕೇಳಿ. ಒಪ್ಪುವವರಿಗೆ ಹಣ ಕೊಡಿ.

ಅರ್ಧ ತಾಸಿನ ಈ ಕೆಲಸ ನಡೆದಷ್ಟು ದಿನ, ನೋಟುಪುಸ್ತಕದ ಕೊನೆಯ ಪುಟದಲ್ಲಿ ನೀವೇ ಎರಡು ಸಾಲು ಬರೆದಿಡಿ: ಇಂದು ಏನು ಓದಿದ, ಎಲ್ಲಿ ತಡವರಿಸಿದ. ಶಾಲೆ ತೆರೆದ ವಾರದಲ್ಲಿ ಅದನ್ನು ಹಿಡಿದುಕೊಂಡು ಮಗನ ಶಿಕ್ಷಕರ ಬಳಿ ಹೋಗಿ. "ನನ್ನ ಮಗ ಹೇಗೆ ಓದುತ್ತಾನೆ, ಸರ್?" ಎಂದು ಕೇಳಿದರೆ "ಪರವಾಗಿಲ್ಲ" ಎಂಬ ಉತ್ತರ ಸಿಗುತ್ತದೆ. "ಚಿಲ್ಲರೆ ಮುರಿಸುವ ಕಳೆಯುವ ಲೆಕ್ಕ ಈಗ ಮಾಡುತ್ತಾನೆ, ಅರ್ಕಾವತ್ತಿನಲ್ಲಿ ಇನ್ನೂ ತಪ್ಪುತ್ತಾನೆ, ಅದನ್ನು ನೋಡಿಕೊಳ್ಳಿ" ಎಂದು ನೀವೇ ಹೇಳಿದರೆ, ನಲವತ್ತು ಮಕ್ಕಳ ನಡುವೆ ಅವರು ಆ ಹುಡುಗನ ಪುಸ್ತಕವನ್ನು ತೆರೆದು ಆ ಜಾಗವನ್ನೇ ನೋಡುತ್ತಾರೆ. ಮಗಳ ಹೊಸ ಶಾಲೆಯ ಗಣಿತದ ಶಿಕ್ಷಕರನ್ನೂ ಹೀಗೆಯೇ ಕಂಡು ಬನ್ನಿ. ಅಲ್ಲಿಗೆ ಸಾಧ್ಯವಾದರೆ ಯಜಮಾನರೂ ಬರಲಿ.